ಹೆದರದೆ ಹಿಡಿಯಬಹುದಾದ ಫೋನು

ಬೇಗಂಪೇಟೆ ಮೆಟ್ರೋ ನಿಲ್ದಾಣದಲ್ಲಿ ಬೆಳಗಿನ ಹೊತ್ತು ಗೇಟು ದಾಟುವ ಜನರನ್ನು ನೋಡುವುದೇ ಒಂದು ಸಣ್ಣ ಸುಖ. ಸಾಲಿನಲ್ಲಿ ಬಂದವರು ಫೋನಿನ ಪರದೆಯ ಮೇಲಿನ ಕ್ಯೂಆರ್ ಚೌಕವನ್ನು ಯಂತ್ರದ ಗಾಜಿಗೆ ತೋರುತ್ತಾರೆ, ಗೇಟು ಸರಿಯುತ್ತದೆ, ಹಿಂದಿನವರಿಗೆ ದಾರಿಯಾಗುತ್ತದೆ. ಹೈದರಾಬಾದ್ ಮೆಟ್ರೋದಲ್ಲಿ 2022ರಿಂದ ಟಿಕೆಟ್ಟನ್ನು ವಾಟ್ಸ್ಆ್ಯಪ್‌ನಲ್ಲೇ ಕೊಳ್ಳಬಹುದು. ಲಕ್ಷ ದಾಟಿದ ಫೋನಿಗೂ ಇಪ್ಪತ್ತು ಸಾವಿರದ ಫೋನಿಗೂ ಆ ಗೇಟು ತೆರೆಯುವ ವೇಗ ಒಂದೇ. ಇದೇ ಪೇಟೆಯ ರೈಲು ನಿಲ್ದಾಣಕ್ಕೆ ವಾಡಿ, ತಾಂಡೂರು, ವಿಕಾರಾಬಾದುಗಳನ್ನು ಹಾದ ಹಳಿ ಬಂದು ಸೇರುತ್ತದೆ. ಬೀದರ್, ಕಲಬುರಗಿ, ರಾಯಚೂರು ಸೀಮೆಯವರಿಗೆ 1956ರ ವರೆಗೆ ಈ ನಗರವೇ ರಾಜಧಾನಿ. ಇಂದಿಗೂ ದವಾಖಾನೆಗೆ, ಪಕ್ಕದ ಅಮೀರ್‌ಪೇಟೆಯ ಕೋಚಿಂಗ್ ತರಗತಿಗೆ, ಐಟಿ ಕೆಲಸಕ್ಕೆ ಅವರು ಬರುವುದು ಇಲ್ಲಿಗೇ. ಹೀಗೆ ಬಂದವರ ಕೈಯಲ್ಲಿ ಫೋನು ದಿನವಿಡೀ ಏನು ಮಾಡುತ್ತದೆ? ಟಿಕೆಟು ತೋರಿಸುತ್ತದೆ, ಚಹಾದ ದುಡ್ಡು ಕೊಡುತ್ತದೆ, ದಾರಿ ಹೇಳುತ್ತದೆ, ವೈದ್ಯರ ಚೀಟಿಯ ಫೋಟೊ ಹಿಡಿಯುತ್ತದೆ, ಊರಿಗೆ ವಿಡಿಯೊ ಕರೆ ಮಾಡಿಸುತ್ತದೆ, ರಾತ್ರಿ ಒಂದು ಸಿನಿಮಾ ಕಾಣಿಸುತ್ತದೆ. ಇಷ್ಟು ಕೆಲಸಕ್ಕೆ ಎಂಥ ಫೋನು ಬೇಕು ಎಂದು ಅಂಗಡಿಯ ಮೆಟ್ಟಿಲು ಹತ್ತುವ ಮೊದಲು ಯೋಚಿಸಿದರೆ ಉತ್ತರ ಬಹಳ ಸಲ ಒಂದೇ ಆಗಿರುತ್ತದೆ. ಇಪ್ಪತ್ತರಿಂದ ಮೂವತ್ತು ಸಾವಿರದ ಆಸುಪಾಸಿನ, ಮಿಡ್‌ರೇಂಜ್ ಎಂದು ಕರೆಸಿಕೊಳ್ಳುವ ಫೋನೇ ನಮ್ಮಲ್ಲಿ ಹೆಚ್ಚಿನವರಿಗೆ ತಕ್ಕ ಫೋನು.

ಈ ಮಾತನ್ನು ಹೇಳಿದ ಕೂಡಲೇ ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಯಾರಾದರೂ ನೆನಪಿಸುತ್ತಾರೆ. ಗಾದೆ ಒಳ್ಳೆಯದೇ, ಆದರೆ ನಾನು ಹೇಳಹೊರಟಿರುವುದು ಅದನ್ನಲ್ಲ. ಹಾಸಿಗೆ ಚಿಕ್ಕದಿದ್ದವರು ಕಾಲು ಮಡಚಿಕೊಳ್ಳಲಿ ಎನ್ನುವುದು ಇಲ್ಲದವರಿಗೆ ಹೇಳುವ ಸಮಾಧಾನ. ದುಡ್ಡು ಇದ್ದವರೂ ನಡುವಣ ಫೋನನ್ನೇ ಆರಿಸಿಕೊಳ್ಳುವುದಕ್ಕೆ ಕಾರಣಗಳಿವೆ. ಒಂದು ಉಪಕರಣ ಕೆಲಸಕ್ಕೆ ಬೇಕಾದ ಮಟ್ಟವನ್ನು ಮುಟ್ಟಿದ ಮೇಲೆ, ಅದಕ್ಕೆ ಸುರಿಯುವ ಹೆಚ್ಚಿನ ಹಣ ಕೆಲಸವನ್ನು ಹೆಚ್ಚಿಸುವುದಿಲ್ಲ. ಆ ಉಪಕರಣದ ಬಗ್ಗೆ ನಾವು ಪಡುವ ಆತಂಕವನ್ನು ಹೆಚ್ಚಿಸುತ್ತದೆ. ಒಳ್ಳೆಯ ಫೋನು ಎಂದರೆ ಹೆದರದೆ ಹಿಡಿಯಬಹುದಾದ, ಹೆದರದೆ ಬಳಸಬಹುದಾದ ಫೋನು. ಇದು ನನ್ನ ನಂಬಿಕೆ.

ಮೊದಲು ಕಣ್ಣಿನ ಸಾಕ್ಷಿ. ಆರೋಗ್ಯವಂತ ಕಣ್ಣು ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗದಷ್ಟು ಕೋನವನ್ನು ಬಿಡಿಸಿ ನೋಡಬಲ್ಲದು. ಫೋನನ್ನು ಮುಖದಿಂದ 30 ಸೆಂಟಿಮೀಟರ್ ದೂರದಲ್ಲಿ ಹಿಡಿದರೆ ಇದು ಇಂಚಿಗೆ ಸುಮಾರು 290 ಚುಕ್ಕಿಗಳ ಲೆಕ್ಕವಾಯಿತು. ನಡುವಣ ಬೆಲೆಯ ಫೋನುಗಳಲ್ಲಿ ಈಗ ಸಾಮಾನ್ಯವಾಗಿರುವ ಆರೂವರೆ ಇಂಚಿನ, ಅಡ್ಡಕ್ಕೆ 1080 ಉದ್ದಕ್ಕೆ 2400 ಪಿಕ್ಸೆಲ್‌ಗಳ ಪರದೆಯಲ್ಲಿ ಇಂಚಿಗೆ 400 ಚುಕ್ಕಿಗಳಿರುತ್ತವೆ. ದುಬಾರಿ ಫೋನು ಅದನ್ನು 500ಕ್ಕೆ ಏರಿಸುತ್ತದೆ. ಏರಿದ್ದು ನಿಜ, ಆದರೆ ಆ ಏರಿಕೆಯನ್ನು ನೋಡುವ ಶಕ್ತಿ ಕಣ್ಣಿಗಿಲ್ಲ. ಬ್ಯಾಟರಿಯ ಕಥೆಯೂ ಬೇರೆಯಲ್ಲ. 2024ರಲ್ಲಿ ಭಾರತದಲ್ಲಿ 1,29,999 ರೂಪಾಯಿಗೆ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್24 ಅಲ್ಟ್ರಾದಲ್ಲಿ ಇದ್ದದ್ದು 5000 ಎಂಎಎಚ್ ಬ್ಯಾಟರಿ. ಅದೇ ವರ್ಷ ಅದೇ ಕಂಪನಿ 18,999 ರೂಪಾಯಿಗೆ ತಂದ ಎ16 5ಜಿಯಲ್ಲೂ ಇದ್ದದ್ದು 5000 ಎಂಎಎಚ್. ಮೆಟ್ರೋ ಡಬ್ಬಿಯ ನೂಕುನುಗ್ಗಲಿನಲ್ಲಿ ಕರೆ ಕಡಿದುಹೋಗುವುದು ಹೆಚ್ಚಾಗಿ ಟವರಿನ ಮೇಲೆ ಬಿದ್ದ ಹೊರೆಯಿಂದ. ಆ ಹೊರೆಗೆ ಯಾರ ಕೈಯಲ್ಲಿ ಯಾವ ಫೋನಿದೆ ಎಂಬುದು ಲೆಕ್ಕಕ್ಕಿಲ್ಲ.

ಕನ್ನಡದ ಸಾಕ್ಷಿಯನ್ನಂತೂ ನಾವು ಮರೆಯಬಾರದು. ಸ್ಮಾರ್ಟ್‌ಫೋನಿನ ಆರಂಭದ ವರ್ಷಗಳಲ್ಲಿ ಆಂಡ್ರಾಯ್ಡ್ ಪರದೆಯ ಮೇಲೆ ಕನ್ನಡ ಬಂದರೆ ಅಕ್ಷರಗಳ ಜಾಗದಲ್ಲಿ ಖಾಲಿ ಚೌಕಗಳು ಕಾಣುತ್ತಿದ್ದವು, ಇಲ್ಲವೇ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತಿದ್ದವು. ಅಂದಿನ ಅತಿ ದುಬಾರಿ ಫೋನು ಕೊಂಡವರಿಗೂ ಅದೇ ಚೌಕ. 2012ರಲ್ಲಿ ಆಂಡ್ರಾಯ್ಡ್ 4.1 ಆವೃತ್ತಿ ಕನ್ನಡ, ತೆಲುಗು, ಮಲಯಾಳಂಗಳಿಗೆ ಬೆಂಬಲ ತಂದಿತು. ಎರಡು ವರ್ಷ ಕಳೆಯುವಷ್ಟರಲ್ಲಿ, 2014ರ ಫೆಬ್ರವರಿಯಲ್ಲಿ, 12,499 ರೂಪಾಯಿಗೆ ಬಂದ ಮೊಟೊ ಜಿ ಕೊಂಡವರು ತಮ್ಮ ಭಾಷೆಯನ್ನು ನೆಟ್ಟಗೆ ಓದಿದರು. ನಮ್ಮ ಮಟ್ಟಿಗೆ ಫೋನಿನ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಸುಧಾರಣೆ ಮತ್ತೊಂದಿಲ್ಲ, ಮತ್ತು ಅದು ಬೆಲೆಯ ಏಣಿಯ ಮೇಲಿನ ಮೆಟ್ಟಿಲಿನಲ್ಲಿ ಸಿಗಲಿಲ್ಲ. ತಂತ್ರಾಂಶದಲ್ಲಿ ಬಂತು, ಎಲ್ಲರಿಗೂ ಬಂತು. ಬೇಗಂಪೇಟೆಯ ಬೀದಿಯಲ್ಲಿ ಒಂದೇ ಫೋನಿನೊಳಗೆ ಮನೆಯವರಿಗೆ ಕನ್ನಡ, ಆಟೊದವರಿಗೆ ತೆಲುಗು, ಅಂಗಡಿಯವರಿಗೆ ದಖ್ಖನಿ ಬೆರೆಸಿದ ಹಿಂದಿ ಬರೆಯುವವರಿಗೆ ಈ ಸಮಾನತೆಯ ಬೆಲೆ ಗೊತ್ತು.

ಹಾಗೆ ನೋಡಿದರೆ ಫೋನಿನ ಲೋಕದಲ್ಲಿ ಒಳ್ಳೆಯದೆಲ್ಲ ಮೇಲಿನಿಂದ ಕೆಳಕ್ಕೆ ಹರಿಯುತ್ತಲೇ ಬಂದಿದೆ. ಬೆರಳಚ್ಚಿನ ಬೀಗ, ಓಎಲ್‌ಇಡಿ ಪರದೆ, ಸೆಕೆಂಡಿಗೆ 120 ಸಲ ಹೊಸದಾಗುವ ಚಿತ್ರ, ಕೈ ನಡುಗಿದರೂ ಫೋಟೊ ಮಸುಕಾಗದಂತೆ ಮಸೂರವನ್ನು ಹಿಡಿದಿಡುವ ವ್ಯವಸ್ಥೆ, ಬೇಗ ಚಾರ್ಜಾಗುವ ಬ್ಯಾಟರಿ, 5ಜಿ: ಇವೆಲ್ಲ ಒಂದು ಕಾಲಕ್ಕೆ ಫ್ಲ್ಯಾಗ್‌ಶಿಪ್ ಫೋನಿನ ಆಭರಣಗಳು, ಇವತ್ತು ನಡುವಣ ಫೋನಿನ ದಿನನಿತ್ಯದ ಉಡುಪು. 2014ರ ಡಿಸೆಂಬರಿನಲ್ಲಿ 21,999 ರೂಪಾಯಿಗೆ ಒನ್‌ಪ್ಲಸ್ ಒನ್ ಬಂದಾಗ, ಅದರಲ್ಲಿದ್ದ ಚಿಪ್ಪಿನ ದರ್ಜೆಯ ಫೋನುಗಳು ಅದರ ಎರಡು ಪಟ್ಟು ಬೆಲೆಗೆ ಮಾರಾಟವಾಗುತ್ತಿದ್ದವು. ಅಂದು ಅದು ಬೆರಗು. ಇಂದು ಅಂಥ ಬೆರಗು ವರ್ಷಕ್ಕೆ ಹತ್ತು ಬರುತ್ತವೆ. ಹೊಸ ತಂತ್ರ ಮೊದಲು ಬಂದಾಗ ಅದರ ಬೆಲೆಯಲ್ಲಿ ಸಂಶೋಧನೆಯ ಖರ್ಚು, ಜಾಹೀರಾತಿನ ಖರ್ಚು, ಮೊದಲಿಗರಾಗುವ ಆಸೆಯ ಖರ್ಚು ಎಲ್ಲ ಸೇರಿರುತ್ತವೆ. ಎರಡು ಮೂರು ವರ್ಷ ಕಾದವರಿಗೆ ತಂತ್ರ ಮಾತ್ರ ಸಿಗುತ್ತದೆ, ಅದೂ ತಪ್ಪುಗಳನ್ನು ತಿದ್ದಿಕೊಂಡು. ನಡುವಣ ಫೋನು ಇನ್ನೊಂದರ ಅರ್ಧಂಬರ್ಧ ನಕಲಲ್ಲ; ಮಾಗಿದ ಮೇಲೆ ಕೈಗೆ ಬಂದದ್ದು.

ಬೆಲೆ ಎಂಬುದು ವಸ್ತುವಿನ ಒಳಗೇ ಹುಟ್ಟುತ್ತದೆ ಎಂದು ನಾವು ನಂಬಿಬಿಟ್ಟಿದ್ದೇವೆ. ಈ ನಂಬಿಕೆಯನ್ನು ಅಲುಗಿಸಲು ಕೋಲಾರ ಜಿಲ್ಲೆಯ ನರಸಾಪುರವೊಂದು ಸಾಕು. ಭಾರತದಲ್ಲಿ ಜೋಡಣೆಯಾದ ಮೊದಲ ಐಫೋನ್ 2017ರಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ಸಿದ್ಧವಾದ ಎಸ್‌ಇ ಮಾದರಿ. ಆಮೇಲೆ ನರಸಾಪುರದಲ್ಲಿ ವಿಸ್ಟ್ರಾನ್ ಕಾರ್ಖಾನೆ ಎದ್ದಿತು, 2023ರಲ್ಲಿ ಅದು ಟಾಟಾ ಕೈಗೆ ಬಂತು. ದೇವನಹಳ್ಳಿಯ ಕಡೆ ಫಾಕ್ಸ್‌ಕಾನ್ ಬಂತು. ನಮ್ಮ ಜಿಲ್ಲೆಗಳ ಎಷ್ಟೋ ಹೆಣ್ಣುಮಕ್ಕಳ ಬೆರಳುಗಳ ಚುರುಕು ಇವತ್ತು ಲೋಕದ ಜೇಬುಗಳಲ್ಲಿದೆ. ಇದು ಹೆಮ್ಮೆಪಡಬೇಕಾದ ಸಂಗತಿ. ಆದರೆ ಬೆಲೆಯನ್ನು ನೋಡಿ. 2020ರ ಐಫೋನ್ 12ರಿಂದ 2024ರ ಐಫೋನ್ 16ರ ವರೆಗೆ ಐದು ವರ್ಷ, ಐದು ಮಾದರಿ, ಭಾರತದಲ್ಲಿ ಬಿಡುಗಡೆಯ ಆರಂಭಿಕ ಬೆಲೆ ಐದಕ್ಕೂ 79,900 ರೂಪಾಯಿ. ಒಳಗಿನ ಚಿಪ್ಪು ಬದಲಾಯಿತು, ಕ್ಯಾಮೆರಾ ಬದಲಾಯಿತು, ತಯಾರಾಗುವ ಊರು ಬದಲಾಯಿತು, ಬೆಲೆ ಕದಲಲಿಲ್ಲ. ಗಾಜು, ಲೋಹ, ಕೂಲಿಗಳನ್ನು ಕೂಡಿಸಿದರೆ ಸಿಗುವ ಮೊತ್ತವಾಗಿದ್ದರೆ ಅದು ಹೀಗೆ ಒಂದೇ ಅಂಕಿಯ ಮೇಲೆ ನಿಲ್ಲುತ್ತಿರಲಿಲ್ಲ. ಅದು ಮಾರುಕಟ್ಟೆಯಲ್ಲಿ ಕಾದಿಟ್ಟ ಒಂದು ಆಸನದ ಸಂಖ್ಯೆ. ಆ ಆಸನದಲ್ಲಿ ಕೂರುವುದಕ್ಕೆ ಹಣ ಕೊಡುವವರು ಕೊಡಲಿ; ಕೊಡುತ್ತಿರುವುದು ಏತಕ್ಕೆ ಎಂಬುದು ಮಾತ್ರ ತಿಳಿದಿರಲಿ.

ಆಸನದ ಮಾತು ಬಂದಾಗ ಬೇಗಂಪೇಟೆಯೇ ಒಂದು ಹಳೆಯ ಪ್ರಸಂಗವನ್ನು ಮುಂದಿಡುತ್ತದೆ. ನಮ್ಮ ಕಡೆಯ ರೈಲುಗಳು ಹಾದುಬರುವ ವಿಕಾರಾಬಾದಿಗೆ ಆ ಹೆಸರು ಬಂದದ್ದು ಪೈಗಾ ಮನೆತನದ ನವಾಬ್ ವಿಕಾರ್-ಉಲ್-ಉಮ್ರಾ ಅವರಿಂದ. ಮುಂದೆ ಹೈದರಾಬಾದ್ ಸಂಸ್ಥಾನದ ದಿವಾನರಾದ ಅವರು 1884ರಲ್ಲಿ ಗುಡ್ಡದ ಮೇಲೆ ಫಲಕ್ನುಮಾ ಅರಮನೆಗೆ ಅಡಿಗಲ್ಲು ಹಾಕಿಸಿದರು. ಒಂದೇ ಮೇಜಿನ ಸುತ್ತ 101 ಜನ ಕೂತು ಉಣ್ಣಬಹುದಾದ ಅರಮನೆ ಅದು. ಕಟ್ಟುವುದು ವರ್ಷಗಟ್ಟಲೆ ನಡೆಯಿತು, ಸಾಲ ಬೆಳೆಯಿತು, ಕೊನೆಗೆ 1890ರ ದಶಕದಲ್ಲೇ ಅರಮನೆ ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಪಾಲಾಯಿತು. ಅದೇ ವಿಕಾರ್-ಉಲ್-ಉಮ್ರಾ ಅವರದೇ ಇನ್ನೊಂದು ಕಟ್ಟಡ ಬೇಗಂಪೇಟೆಯ ಪೈಗಾ ಅರಮನೆ. ಫಲಕ್ನುಮಾದ ಮುಂದೆ ಎಷ್ಟೋ ಚಿಕ್ಕದು. ಮುಂದಿನ ಕಥೆ ಗಮನಿಸಬೇಕಾದದ್ದು. 1950ರ ದಶಕದ ನಂತರ ಗುಡ್ಡದ ಮೇಲಿನ ಅರಮನೆ ದಶಕಗಳ ಕಾಲ ಬೀಗ ಹಾಕಿಕೊಂಡು ಕೂತಿತ್ತು, 2010ರಲ್ಲಿ ಹೋಟೆಲಾಗುವ ತನಕ. ಬೇಗಂಪೇಟೆಯದು ದುಡಿಯುತ್ತಲೇ ಇತ್ತು. ನಗರಾಭಿವೃದ್ಧಿ ಪ್ರಾಧಿಕಾರದ ಕಚೇರಿಯಾಯಿತು, ಆಮೇಲೆ 2023ರ ವರೆಗೆ ಅಮೆರಿಕದ ಕಾನ್ಸುಲೇಟ್ ಆಗಿ ಸಾವಿರಾರು ವಿದ್ಯಾರ್ಥಿಗಳ ವೀಸಾ ಕನಸುಗಳನ್ನು ಕಂಡಿತು. ಫಲಕ್ನುಮಾ ಸುಂದರವಲ್ಲ ಎಂದು ಯಾರೂ ಹೇಳಲಾರರು. ಆದರೆ ಅಂಥ ಸೌಂದರ್ಯವನ್ನು ಕಟ್ಟಿಸಿದವರಿಗೇ ಅದನ್ನು ಉಳಿಸಿಕೊಳ್ಳಲಾಗಲಿಲ್ಲ, ಮತ್ತು ಜನರ ಬದುಕಿನ ನಡುವೆ ಹೆಚ್ಚು ಕಾಲ ಬಳಕೆಯಾದದ್ದು ಚಿಕ್ಕ ಮನೆ.

ನವಾಬರ ಸಾಲಕ್ಕೆ ಸಾಹುಕಾರರು ಬೇಕಿತ್ತು. ನಮ್ಮ ಸಾಲಕ್ಕೆ ಬೆರಳಿನ ಒಂದು ಒತ್ತು ಸಾಕು. 1,29,999 ರೂಪಾಯಿಯನ್ನು 24 ತಿಂಗಳಿಗೆ ಹಂಚಿದರೆ ತಿಂಗಳಿಗೆ ಸುಮಾರು 5,417 ರೂಪಾಯಿ. ಈ ಚಿಕ್ಕ ಅಂಕಿ ಆ ದೊಡ್ಡ ಅಂಕಿಯನ್ನು ಕಣ್ಣಿನಿಂದ ಮರೆಮಾಡುತ್ತದೆ. ಬಡ್ಡಿಯೇ ಇಲ್ಲವಲ್ಲ ಎಂದು ಕೆಲವರು ಹೇಳುತ್ತಾರೆ. ಶೂನ್ಯ ಬಡ್ಡಿ ಎಂಬುದೇ ಇಲ್ಲ, ಅದು ಗ್ರಾಹಕರ ಕಣ್ಣಿಗೆ ಕಾಣದಂತೆ ಬೇರೆ ಕಡೆ ಸೇರಿರುತ್ತದೆ ಎಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರಿನಲ್ಲೇ ಬ್ಯಾಂಕುಗಳಿಗೆ ತಿಳಿಸಿ ಅಂಥ ಯೋಜನೆಗಳನ್ನು ತಡೆದಿತ್ತು. ಈಗಿನ ನೋ ಕಾಸ್ಟ್ ಇಎಂಐನಲ್ಲಿ ಬಡ್ಡಿಯಷ್ಟು ಮೊತ್ತವನ್ನು ರಿಯಾಯಿತಿಯಾಗಿ ತೋರಿಸುತ್ತಾರೆ. ನಗದು ಕೊಟ್ಟವರಿಗೆ ಸಿಗಬಹುದಾಗಿದ್ದ ರಿಯಾಯಿತಿ ಅಲ್ಲಿ ಕರಗುತ್ತದೆ, ಸಂಸ್ಕರಣಾ ಶುಲ್ಕ ಮತ್ತು ಬಡ್ಡಿಯ ಮೇಲಿನ ಜಿಎಸ್‌ಟಿ ಬಹಳ ಸಲ ಕೊಂಡವರ ಮೇಲೆಯೇ ಬೀಳುತ್ತವೆ. ಹಣದ ನಷ್ಟಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಇನ್ನೊಂದು. ಮೊದಲ ಕೆಲಸಕ್ಕೆ ಸೇರಿದ ಇಪ್ಪತ್ತಮೂರರ ಹುಡುಗಿಯ, ಹುಡುಗನ ಸಂಬಳದಿಂದ ಎರಡು ವರ್ಷ ತಿಂಗಳಿಗೆ ಐದೂವರೆ ಸಾವಿರ ಹೋಗುತ್ತಿದ್ದರೆ, ಒಗ್ಗದ ಕೆಲಸ ಬಿಡುವ ಧೈರ್ಯ, ಊರಲ್ಲಿ ಯಾರಿಗಾದರೂ ಕಾಯಿಲೆಯಾದರೆ ರಜೆ ಹಾಕಿ ಹೊರಡುವ ನಿರಾಳ ಅಷ್ಟಷ್ಟೇ ಕುಗ್ಗುತ್ತವೆ. ಜೇಬಿನಲ್ಲಿರುವ ವಸ್ತು ಬದುಕಿನ ತೀರ್ಮಾನಗಳಲ್ಲಿ ಮೂಗು ತೂರಿಸತೊಡಗುತ್ತದೆ.

ವಸ್ತುವಿನ ಬಗೆಗಿನ ಭಯ ಬೇರೆಯೇ. ಫೋನು ಬೀಳುವ ವಸ್ತು. ಬಸ್ಸಿನ ಮೆಟ್ಟಿಲಲ್ಲಿ, ಅಡುಗೆಕಟ್ಟೆಯಲ್ಲಿ, ಮಗುವಿನ ಕೈಯಲ್ಲಿ, ಮಳೆಯಲ್ಲಿ ಅದು ಇರಬೇಕು. ಮದುವೆಯ ರೇಷ್ಮೆ ಸೀರೆಯನ್ನು ಉಟ್ಟು ನೀರು ಸೇದಲು ಹೋದವರ ಕೈಕಾಲು ಹೇಗೆ ಕಟ್ಟಿಹಾಕಿದಂತಾಗುತ್ತದೆಯೋ, ಲಕ್ಷದ ಫೋನು ಹಿಡಿದವರ ದಿನವೂ ಹಾಗೆ. ಮೂರು ಪದರದ ಕವಚ, ಟೆಂಪರ್ಡ್ ಗ್ಲಾಸು, ವಿಮೆ. ಬಿದ್ದಾಗ ಎದೆ ಧಸಕ್ಕೆನ್ನುವುದು. ಕೆಲವು ದುಬಾರಿ ಫೋನುಗಳ ಪರದೆ ಒಡೆದರೆ ಅದನ್ನು ಬದಲಿಸುವ ಖರ್ಚಿನಲ್ಲಿ ಒಂದು ಹೊಸ ನಡುವಣ ಫೋನೇ ಬರುತ್ತದೆ. ನಡುವಣ ಫೋನಿನ ರಿಪೇರಿ ಸಲೀಸು: ಹೈದರಾಬಾದಿನಲ್ಲಿ ಆಬಿಡ್ಸಿನ ಜಗದೀಶ್ ಮಾರ್ಕೆಟ್, ಬೆಂಗಳೂರಿನಲ್ಲಿ ಎಸ್.ಪಿ. ರಸ್ತೆಯಂಥ ಕಡೆಗಳಲ್ಲಿ ಹೆಚ್ಚು ಮಾರಾಟವಾದ ಮಾದರಿಗಳ ಬಿಡಿಭಾಗವೂ ಅದನ್ನು ಬಿಚ್ಚಿ ಜೋಡಿಸಿ ಪಳಗಿದ ಕೈಗಳೂ ಸಿಗುತ್ತವೆ. ಡಿಸ್‌ಪ್ಲೇ ಹೋಯಿತು ಎಂಬ ಮಾತು ಅಲ್ಲಿ ಒಂದು ಮಧ್ಯಾಹ್ನದ ಕೆಲಸ.

ಈ ವಾದಕ್ಕೆ ಎದುರಾಗುವ ಮಾತುಗಳಲ್ಲಿ ಬಲವಾದದ್ದು ಬಾಳಿಕೆಯ ಮಾತು. ದುಬಾರಿ ಫೋನಿಗೆ ಏಳು ವರ್ಷ ಅಪ್‌ಡೇಟ್ ಬರುತ್ತದೆ, ಅಗ್ಗದ್ದನ್ನು ಎರಡು ವರ್ಷಕ್ಕೆ ಎಸೆಯಬೇಕು, ಹಾಗಾಗಿ ವರ್ಷಕ್ಕಿಷ್ಟು ಎಂದು ಹಾಕಿದರೆ ದುಬಾರಿಯೇ ಅಗ್ಗ ಎನ್ನುತ್ತಾರೆ. ಲೆಕ್ಕ ಹಾಕೋಣ. 1,30,000ದ ಫೋನನ್ನು ಪೂರ್ತಿ ಏಳು ವರ್ಷ ಬಳಸಿದರೆ ವರ್ಷಕ್ಕೆ 18,500ಕ್ಕೂ ಹೆಚ್ಚು. 25,000ದ ಫೋನನ್ನು ಬರೀ ಮೂರು ವರ್ಷಕ್ಕೆ ಕೈಬಿಟ್ಟರೂ ವರ್ಷಕ್ಕೆ ಸುಮಾರು 8,300. ಈ ಎರಡು ಸಮವಾಗಬೇಕಾದರೆ ಮೊದಲನೆಯದನ್ನು ಹದಿನೈದು ವರ್ಷಕ್ಕೂ ಮೀರಿ ಬಳಸಬೇಕು. ಅಷ್ಟರಲ್ಲಿ ಬ್ಯಾಟರಿ ಎಷ್ಟು ಸಲ ಬದಲಾಗಬೇಕೋ. ಲಿಥಿಯಮ್ ಅಯಾನ್ ಕೋಶ ಬೆಲೆ ನೋಡಿ ಮುದಿಯಾಗುವುದಿಲ್ಲ, ಚಾರ್ಜಿನ ಸುತ್ತುಗಳನ್ನೂ ಬಿಸಿಯನ್ನೂ ನೋಡಿ ಮುದಿಯಾಗುತ್ತದೆ. ಮೇಲಾಗಿ ಅಪ್‌ಡೇಟಿನ ತಕರಾರು ಈಗ ಹಿಂದಿನಷ್ಟು ನಿಜವಲ್ಲ. ಮೇಲೆ ಹೇಳಿದ 18,999ರ ಎ16 5ಜಿಗೇ ಕಂಪನಿ ಆರು ವರ್ಷದ ಅಪ್‌ಡೇಟಿನ ಮಾತು ಕೊಟ್ಟಿದೆ. ಇನ್ನು ಪರಿಸರ. ಫೋನು ತನ್ನ ಆಯುಷ್ಯದಲ್ಲಿ ಹೊರಹಾಕುವ ಇಂಗಾಲದ ಹೆಚ್ಚಿನ ಪಾಲು ಅದನ್ನು ತಯಾರಿಸುವಾಗಲೇ ಹೊರಬಿದ್ದಿರುತ್ತದೆ, ಆದ್ದರಿಂದ ಯಾವುದೇ ಫೋನನ್ನು ಬೇಗ ಬದಲಿಸುವುದು ತಪ್ಪು. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ನಡುವಣ ಫೋನು ಕೊಂಡವರ ಕರ್ತವ್ಯ ಅದನ್ನು ಐದಾರು ವರ್ಷ ನಡೆಸುವುದು. ಮೂರು ವರ್ಷಕ್ಕೆ ಬ್ಯಾಟರಿ ಬದಲಿಸಿಕೊಂಡರೆ ಅದು ಕಷ್ಟವೂ ಅಲ್ಲ.

ಕ್ಯಾಮೆರಾದ ವಿಷಯದಲ್ಲಿ ದುಬಾರಿ ಫೋನು ಮುಂದಿದೆ. ಸಂವೇದಕ ದೊಡ್ಡದಾದಷ್ಟೂ ಹೆಚ್ಚು ಬೆಳಕು ಹಿಡಿಯುತ್ತದೆ. ಅದು ಭೌತಶಾಸ್ತ್ರ, ಜಾಹೀರಾತಲ್ಲ. ಕತ್ತಲಲ್ಲಿ, ದೂರದ್ದನ್ನು ಹತ್ತಿರ ತರುವಾಗ, ಓಡುವ ಮಗುವನ್ನು ವಿಡಿಯೊದಲ್ಲಿ ಹಿಡಿಯುವಾಗ ವ್ಯತ್ಯಾಸ ಕಾಣುತ್ತದೆ. ವಿಡಿಯೊ ಮಾಡಿ ಹೊಟ್ಟೆ ಹೊರೆಯುವವರು, ವರದಿಗಾರರು, ಕಿರುಚಿತ್ರ ತೆಗೆಯುವವರು ಆ ಫೋನು ಕೊಂಡರೆ ಅದು ದುಂದಲ್ಲ, ಕಸುಬಿನ ಬಂಡವಾಳ. ಉಳಿದವರು ತಮ್ಮ ಫೋಟೊಗಳು ಎಲ್ಲಿಗೆ ಹೋಗುತ್ತವೆ ಎಂದು ನೋಡಲಿ. ಬಹುಪಾಲು ವಾಟ್ಸ್ಆ್ಯಪ್ ಗುಂಪಿಗೆ, ಅಲ್ಲಿ ಅವು ಕುಗ್ಗಿಯೇ ತಲುಪುತ್ತವೆ. ಹೆಚ್ಚು ಸ್ಪಷ್ಟವಾಗಿ ಕಳಿಸುವ ಎಚ್‌ಡಿ ಆಯ್ಕೆ ಅಲ್ಲಿಗೆ ಬಂದದ್ದೇ 2023ರಲ್ಲಿ. ಹಗಲಿನ ಬೆಳಕಿನಲ್ಲಿ ಅಂಗಳದಲ್ಲಿ ಅಜ್ಜಿಯ ಮುಖ ನಡುವಣ ಫೋನಿನಲ್ಲೂ ತುಂಬ ಚೆನ್ನಾಗಿ ಬರುತ್ತದೆ. ದಿನಕ್ಕೆ ಐದು ಗಂಟೆ ಹಿಡಿಯುವ ವಸ್ತುವಿಗೆ ಜಾಸ್ತಿ ಹಣ ಹಾಕುವುದೇ ವಿವೇಕ ಎಂಬ ಮಾತೂ ಇದೆ. ಆ ಐದು ಗಂಟೆ ಹೋಗುವುದು ಓದಿಗೆ, ಮಾತಿಗೆ, ವಿಡಿಯೊ ನೋಡುವುದಕ್ಕೆ. ಎಂದರೆ ಎರಡೂ ಬಗೆಯ ಫೋನು ಸಮನಾಗಿ ಮಾಡುವ ಕೆಲಸಗಳಿಗೆ. ಗಂಟೆಗಳು ಹೆಚ್ಚಾದ ಮಾತ್ರಕ್ಕೆ ವ್ಯತ್ಯಾಸ ಹೆಚ್ಚಾಗುವುದಿಲ್ಲ.

ಉಪಕರಣ ಮತ್ತು ಕೆಲಸದ ನಂಟನ್ನು ಕುರಿತು ಯೋಚಿಸಲು ಬೇಗಂಪೇಟೆಯಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಹಳೆಯ ವಿಮಾನ ನಿಲ್ದಾಣದ ಬಳಿಯ ಒಂದು ಕಟ್ಟಡದಲ್ಲಿ 1897ರ ಆಗಸ್ಟ್ 20ರಂದು ಸೇನಾ ವೈದ್ಯ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾದ ಜೀವಾಣುವನ್ನು ಕಂಡರು. ಅದಕ್ಕೂ ಮೊದಲು, 1895ರಲ್ಲಿ, ಕಾಲರಾ ಹತ್ತಿಕ್ಕುವ ಕೆಲಸಕ್ಕೆಂದು ಅವರನ್ನು ಬೆಂಗಳೂರಿಗೆ ಕಳಿಸಿದ್ದರು. ಬೇಗಂಪೇಟೆಯ ಆ ದಿನಗಳನ್ನು ಅವರೇ ಬರೆದಿಟ್ಟಿದ್ದಾರೆ: ಸೂಕ್ಷ್ಮದರ್ಶಕದ ತಿರುಪುಗಳು ಬೆವರಿಗೆ ತುಕ್ಕು ಹಿಡಿದಿದ್ದವು, ಉಳಿದಿದ್ದ ಒಂದೇ ಕಣ್ಣುಗಾಜು ಬಿರುಕುಬಿಟ್ಟಿತ್ತು, ಬೀಸಣಿಗೆ ಬೀಸಿದರೆ ಸೀಳಿಟ್ಟ ಸೊಳ್ಳೆಗಳು ಹಾರಿಹೋಗುವುದರಿಂದ ಸೆಕೆಯಲ್ಲೇ ಕೂರಬೇಕಿತ್ತು. ಐದು ವರ್ಷದ ನಂತರ ಆ ಕಾಣ್ಕೆಗೆ ನೊಬೆಲ್ ಬಂತು. ಬಿರುಕುಬಿಟ್ಟ ಗಾಜು ಒಳ್ಳೆಯದು ಎಂದು ಇದರಿಂದ ಸಾಧಿಸಲು ಬರುವುದಿಲ್ಲ. ಅದು ರಾಸ್ ಅವರಿಗೂ ಹಿಂಸೆಯೇ ಆಗಿತ್ತು. ಆದರೆ ಆ ಸೂಕ್ಷ್ಮದರ್ಶಕಕ್ಕೆ ಜೀವಾಣುವನ್ನು ತೋರಿಸುವಷ್ಟು ಶಕ್ತಿ ಇತ್ತು; ಆ ಹೊಸ್ತಿಲು ದಾಟಿದ ಮೇಲೆ ಮಿಕ್ಕದ್ದು ಎರಡು ವರ್ಷದ ತಾಳ್ಮೆ ಮತ್ತು ನೋಡುವ ಕಣ್ಣು. ಹೊಸ್ತಿಲು ದಾಟದಿದ್ದರೆ ಎಷ್ಟು ತಾಳ್ಮೆಯಿದ್ದರೂ ಏನೂ ಕಾಣುತ್ತಿರಲಿಲ್ಲ.

ಆದ್ದರಿಂದಲೇ ಅತಿ ಅಗ್ಗದ ಫೋನಿನ ಪರವಾಗಿ ನಾನು ಮಾತಾಡಲಾರೆ. ಏಳೆಂಟು ಸಾವಿರದ ಫೋನು ಹೊಸತರಲ್ಲಿ ಚೆನ್ನಾಗಿದ್ದು, ಒಂದೇ ವರ್ಷದಲ್ಲಿ ಹ್ಯಾಂಗ್ ಆಗತೊಡಗಿ, ಪಾವತಿಯ ನಡುವೆ ಸ್ತಬ್ಧವಾಗಿ, ಸುರಕ್ಷತೆಯ ಅಪ್‌ಡೇಟ್ ನಿಂತು ಬ್ಯಾಂಕಿನ ಖಾತೆಗೇ ಅಪಾಯ ತರಬಹುದು. ಅಲ್ಲಿ ಉಳಿಸಿದ ಹಣ ಉಳಿತಾಯವಲ್ಲ. ಹೊಸ್ತಿಲು ಎಲ್ಲಿದೆ ಎಂದು ಸ್ಪಷ್ಟವಾಗಿ ಹೇಳಬಹುದು: 8 ಜಿಬಿ ರ್‍ಯಾಮ್, ಯುಎಫ್‌ಎಸ್ ಬಗೆಯ 128 ಜಿಬಿ ಸಂಗ್ರಹ, ಓಎಲ್‌ಇಡಿ ಪರದೆ, ಮುಖ್ಯ ಕ್ಯಾಮೆರಾಕ್ಕೆ ನಡುಕ ತಡೆಯುವ ವ್ಯವಸ್ಥೆ, ಕನಿಷ್ಠ ನಾಲ್ಕೈದು ವರ್ಷದ ಸುರಕ್ಷತೆಯ ಅಪ್‌ಡೇಟಿಗೆ ಕಂಪನಿಯ ಬಹಿರಂಗ ಭರವಸೆ, ಮತ್ತು ನಮ್ಮ ಊರಲ್ಲೊಂದು ಸರ್ವಿಸ್ ಸೆಂಟರ್. ಪಟ್ಟಿಯ ಕೊನೆಯದನ್ನು ಬೇಗಂಪೇಟೆಯವರು ಮರೆತರೂ ನಡೆದೀತು, ಸುರಪುರದವರು, ಔರಾದದವರು ಮರೆಯುವಂತಿಲ್ಲ. ಕ್ಯಾಮೆರಾದ ಮೆಗಾಪಿಕ್ಸೆಲ್ ಎಷ್ಟು, ಯಾವ ಸಿನಿಮಾ ತಾರೆ ಜಾಹೀರಾತಿನಲ್ಲಿದ್ದಾರೆ ಎಂಬುದು ಈ ಪಟ್ಟಿಗೆ ಬೇಕಿಲ್ಲ.

ಉಳಿಯುವುದು ಗೌರವದ ಪ್ರಶ್ನೆ. ಮೀಟಿಂಗಿನ ಮೇಜಿನ ಮೇಲೆ, ಮದುವೆ ಮನೆಯಲ್ಲಿ ಫೋನು ಮನುಷ್ಯನ ಬದಲು ಮಾತಾಡುತ್ತದೆ, ಅದನ್ನು ನೋಡಿಯೇ ಜನ ಮರ್ಯಾದೆ ಕೊಡುತ್ತಾರೆ ಎನ್ನುವವರ ಅನುಭವವನ್ನು ನಾನು ಸುಳ್ಳೆನ್ನುವುದಿಲ್ಲ. ಆದರೆ ಪ್ರತಿ ಸೆಪ್ಟೆಂಬರಿಗೆ ಹೊಸ ಮಾದರಿ ಬಂದ ಕೂಡಲೇ ಹಳತಾಗುವ ಮರ್ಯಾದೆಯನ್ನು ಎಷ್ಟು ಕಾಲ ಬಾಡಿಗೆ ಕಟ್ಟಿ ಇಟ್ಟುಕೊಳ್ಳಬಹುದು? ಬೇಗಂಪೇಟೆಯ ಹೈದರಾಬಾದ್ ಪಬ್ಲಿಕ್ ಸ್ಕೂಲ್ 1923ರಲ್ಲಿ ಶುರುವಾದಾಗ ಅದು ಜಾಗೀರ್ದಾರ್ಸ್ ಕಾಲೇಜು. ಜಾಗೀರ್ದಾರರ ಮಕ್ಕಳಿಗಾಗಿ ತೆರೆದದ್ದು. ಜಾಗೀರುಗಳು ಹೋದ ಮೇಲೆ ಅದರ ಬಾಗಿಲು ಇತರರಿಗೂ ತೆರೆಯಿತು. ಮೈಕ್ರೋಸಾಫ್ಟಿನ ಸತ್ಯ ನಾದೆಲ್ಲಾ, ಅಡೋಬಿಯ ಶಾಂತನು ನಾರಾಯಣ್ ಅಲ್ಲಿ ಓದಿದವರು. ಗೌರವ ಹುಟ್ಟಿದ ಮನೆಯಿಂದ ಬರುತ್ತದೆ ಎಂಬ ನಂಬಿಕೆಯನ್ನು ಒಂದು ಶತಮಾನ ಕಷ್ಟಪಟ್ಟು ಸಡಿಲಿಸಿದೆ. ಅದರ ಜಾಗದಲ್ಲಿ, ಗೌರವ ಹಿಡಿದ ವಸ್ತುವಿನಿಂದ ಬರುತ್ತದೆ ಎಂಬುದನ್ನು ನಾವೇ ಕರೆದು ಕೂರಿಸಬಾರದು. ಹಾಗಾದರೆ ಫ್ಲ್ಯಾಗ್‌ಶಿಪ್ ಕೊಳ್ಳುವವರಿಲ್ಲದೆ ಸಂಶೋಧನೆ ನಡೆಯುವುದು ಹೇಗೆ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದು, ಮೇಲಿನಿಂದ ಹರಿದು ಬಂದದ್ದನ್ನು ಉಣ್ಣುತ್ತಿರುವವರು ನಾವು. ಅದು ಬೇಕಾದ ಕಸುಬಿನವರು, ಯಂತ್ರವನ್ನು ಯಂತ್ರವಾಗಿಯೇ ಪ್ರೀತಿಸುವವರು, ಕೊಳ್ಳಲು ಸಾಲ ಮಾಡಬೇಕಿಲ್ಲದವರು ಲೋಕದಲ್ಲಿ ಸಾಕಷ್ಟಿದ್ದಾರೆ. ಅವರ ಸಂತೋಷ ಅವರದು. ಆ ಹೊರೆ ಕಂತು ಕಟ್ಟುವ ಕುಟುಂಬದ ಹೆಗಲಿಗೆ ಬರಬೇಕಾಗಿಲ್ಲ.

ಫೋನು ಒಬ್ಬರೇ ಬಳಸುವ ವಸ್ತುವಲ್ಲ ಎಂಬುದನ್ನು ನಾವು ಕೊಳ್ಳುವಾಗ ಮರೆಯುತ್ತೇವೆ. ಪ್ರತಿ ಕರೆಗೂ ಎರಡು ತುದಿಗಳಿವೆ, ಮತ್ತು ವಿಡಿಯೊ ಕರೆಯ ಅಂದವನ್ನು ನಿರ್ಧರಿಸುವುದು ದುರ್ಬಲವಾದ ತುದಿ. ಬೇಗಂಪೇಟೆಯಲ್ಲಿ ಲಕ್ಷದ ಫೋನು ಹಿಡಿದು ಕೂತರೂ ಕಲಬುರಗಿಯಲ್ಲಿ ಅವ್ವನ ಕೈಯಲ್ಲಿ ಐದು ವರ್ಷದ ಹಿಂದಿನ, ಮಕ್ಕಳು ಬಳಸಿ ಬಿಟ್ಟ, ಪರದೆ ಸೀಳಿದ ಫೋನಿದ್ದರೆ ಅವರಿಗೆ ಕಾಣುವುದು ಮಸುಕು ಮುಖ, ಕೇಳುವುದು ಕಡಿದ ಮಾತು. 1,30,000 ರೂಪಾಯಿಯಲ್ಲಿ 30,000ದ ನಾಲ್ಕು ಫೋನು ಬರುತ್ತವೆ, ಮೇಲೆ ಹತ್ತು ಸಾವಿರ ಉಳಿಯುತ್ತದೆ. ಅವ್ವನಿಗೊಂದು, ಅಪ್ಪನಿಗೊಂದು, ಕಾಲೇಜಿಗೆ ಹೋಗುವ ತಂಗಿಗೊಂದು, ತನಗೊಂದು. ತಂಗಿಯ ಪಾಠಗಳು, ಅಪ್ಪನ ಬೆಳೆ ವಿಮೆಯ ಅರ್ಜಿ, ಅವ್ವನ ಸಕ್ಕರೆ ಕಾಯಿಲೆಯ ವರದಿ ಎಲ್ಲವೂ ಆ ನಾಲ್ಕು ಫೋನುಗಳಲ್ಲಿ ಸಲೀಸಾಗಿ ನಡೆಯುತ್ತವೆ. ಆದ್ದರಿಂದ ಫೋನಿಗೆಂದು ಇಟ್ಟ ಹಣವನ್ನು ಒಬ್ಬರ ಜೇಬಿನ ಲೆಕ್ಕದಲ್ಲಲ್ಲ, ಇಡೀ ಮನೆಯ ಲೆಕ್ಕದಲ್ಲಿ ನೋಡಬೇಕು. ಮನೆಯ ಅತ್ಯಂತ ದುರ್ಬಲ ಫೋನು ಯಾರ ಬಳಿ ಇದೆಯೋ, ಹೊಸ ಫೋನು ಮೊದಲು ಅವರಿಗೆ ಹೋಗಬೇಕು.